ಭೀಮಾತೀರದ ಪ್ರಾರ್ಥನಾ ಮಂದಿರ: ಪಂಡಿತಾ ರಮಾಬಾಯಿಯವರ ಜೀವನ

ಕೆಲವು ವರ್ಷಗಳ ಹಿಂದೆ ಬಂಧುಗಳ ಮನೆಯ ಮದುವೆಯ ನಿಮಿತ್ತ ನಾವು ಪುಣೆಯಿಂದ ಸೊಲ್ಲಾಪುರಕ್ಕೆ ಹಗಲುಗಾಡಿಯಲ್ಲಿ ಪ್ರಯಾಣ ಮಾಡಿದ್ದೆವು. ಪುಣೆ ಬಿಟ್ಟ ಮೇಲೆ ದೌಂಡ್ ಜಂಕ್ಷನ್ ಬರುವುದಕ್ಕೆ ಮುಂಚೆ ಕೆಡಗಾಂವ್ ಎಂಬ ಒಂದು ಸಣ್ಣ ನಿಲ್ದಾಣ ಸಿಗುತ್ತದೆ. ಗಾಡಿ ಅಲ್ಲಿ ನಿಂತದ್ದು ಒಂದೆರಡು ನಿಮಿಷ ಮಾತ್ರ. ಅದೇ ಹಳಿ ಮುಂದೆ ಸೊಲ್ಲಾಪುರಕ್ಕೂ, ಅಲ್ಲಿಂದ ಅಕ್ಕಲಕೋಟೆ ರೋಡ್, ದುಧನಿ ನಿಲ್ದಾಣಗಳನ್ನು ದಾಟಿ ಕಲಬುರ್ಗಿಗೂ ಹೋಗುತ್ತದೆ. ಸೊಲ್ಲಾಪುರ ಸಮೀಪಿಸಿದಂತೆ ಡಬ್ಬಿಯಲ್ಲಿ ಮರಾಠಿಯ ಜತೆಗೆ ಕನ್ನಡವೂ ಕಿವಿಗೆ ಬೀಳತೊಡಗುತ್ತದೆ. ಅಕ್ಕಲಕೋಟೆಯ ಕಡೆಗಂತೂ ಮನೆಮಾತೇ ಕನ್ನಡ. ಹತ್ತಾರು ಗಂಟೆಗಳ ಬಳಿಕ ನಮ್ಮ ಭಾಷೆ ಕೇಳಿದಾಗ ಆದ ಸಂತೋಷವನ್ನು ಕಾಸರಗೋಡಿನವರಿಗೆ ನಾವು ವಿವರಿಸಿ ಹೇಳಬೇಕಾಗಿಲ್ಲ. 1967ರ ಮಹಾಜನ ವರದಿಯಲ್ಲಿ ಚಂದ್ರಗಿರಿಯ ಉತ್ತರದ ನಮ್ಮ ನಾಡೂ ಅಕ್ಕಲಕೋಟೆ ತಾಲೂಕೂ ಕರ್ನಾಟಕಕ್ಕೆ ಸೇರಬೇಕೆಂದು ಹೇಳಲಾಗಿತ್ತು, ಎರಡೂ ಸೇರಲಿಲ್ಲ. ಆ ಮಟ್ಟಿಗೆ ಅವರೂ ನಾವೂ ಒಂದೇ ದೋಣಿಯವರು.

ಆದರೆ ಇಂದು ನಾವು ಬರೆಯಹೊರಟದ್ದು ಗಡಿಯ ವಿಷಯವನ್ನಲ್ಲ. ಆ ಕೆಡಗಾಂವಿನಲ್ಲಿ ಬಾಳಿ, ಅಲ್ಲಿಯೇ ಮಣ್ಣಾದ ಒಬ್ಬ ಮಹಿಳೆಯ ವಿಷಯವನ್ನು. ಪಂಡಿತಾ ರಮಾಬಾಯಿ ಎಂದರೆ ಮಹಾರಾಷ್ಟ್ರದವರು ಎಂದು ನಮ್ಮ ವಿದ್ಯಾರ್ಥಿಗಳು ಉತ್ತರ ಬರೆಯುತ್ತಾರೆ. ತಪ್ಪಲ್ಲ. ಆದರೆ ಅವರ ತಂದೆಯ ಊರು ಕಾರ್ಕಳ ತಾಲೂಕಿನ ಮಾಳ ಹೇರಂಜೆ. ಅವರು ಹುಟ್ಟಿದ್ದು ಘಟ್ಟದ ಕಾಡಿನ ಗಂಗಾಮೂಲದಲ್ಲಿ, 1858ರ ಏಪ್ರಿಲ್ 23ರಂದು. ಆ ಕಾಲಕ್ಕೆ ಕಾರ್ಕಳವೂ ಕಾಸರಗೋಡೂ ಒಂದೇ ಕೆನರಾ ಜಿಲ್ಲೆಯೊಳಗಿದ್ದವು. ಹಾಗಾಗಿ ಅವರನ್ನು ನಮ್ಮ ನಾಡಿನ ಮಗಳೆಂದು ಕರೆಯಲು ನಮಗೆ ಹಕ್ಕಿದೆ.

ಬುಟ್ಟಿಯಲ್ಲಿ ಹೊರಟ ಮಗು

ತಂದೆ ಅನಂತಶಾಸ್ತ್ರಿ ಡೋಂಗ್ರೆಯವರು ಚಿತ್ಪಾವನ ಬ್ರಾಹ್ಮಣರು, ದೊಡ್ಡ ಸಂಸ್ಕೃತ ವಿದ್ವಾಂಸರು. ಪುಣೆಯಲ್ಲಿ ಗುರುಗಳ ಬಳಿ ಓದುತ್ತಿದ್ದಾಗ, ಆ ಗುರುಗಳು ಪೇಶ್ವೆಯವರ ಅರಮನೆಯಲ್ಲಿ ಹೆಂಗಸರಿಗೂ ಸಂಸ್ಕೃತ ಪಾಠ ಹೇಳುವುದನ್ನು ಕಂಡು, ತಾವೂ ಮನೆಯಲ್ಲಿ ಹಾಗೆಯೇ ಮಾಡಬೇಕೆಂದು ನಿಶ್ಚಯಿಸಿದರು. ಹೆಂಡತಿ ಲಕ್ಷ್ಮೀಬಾಯಿಗೆ ಸಂಸ್ಕೃತ ಕಲಿಸಿದ್ದಕ್ಕಾಗಿ ಅವರು ಉಡುಪಿಯಲ್ಲಿ ಪಂಡಿತರ ಸಭೆಯ ಮುಂದೆ ನಿಂತು ಶಾಸ್ತ್ರಾಧಾರ ತೋರಿಸಿ ಸಮರ್ಥಿಸಿಕೊಳ್ಳಬೇಕಾಯಿತು. ಊರಿನ ವಿರೋಧ ಬೇಡವೆಂದು ಕಾಡಿನಲ್ಲಿ ಮನೆ ಕಟ್ಟಿದರು. ರಮೆ ಆರು ತಿಂಗಳ ಕೂಸಾಗಿದ್ದಾಗ ಆ ಮನೆಯನ್ನೂ ಬಿಟ್ಟು ತೀರ್ಥಯಾತ್ರೆಗೆ ಹೊರಟರು. ಮಗುವನ್ನು ಬೆತ್ತದ ಬುಟ್ಟಿಯಲ್ಲಿ ಮಲಗಿಸಿ ಆಳಿನ ತಲೆಯ ಮೇಲೆ ಹೊರಿಸಿಕೊಂಡು ಘಟ್ಟ ಇಳಿದರಂತೆ.

ಅಂದಿನಿಂದ ಆ ಕುಟುಂಬಕ್ಕೆ ಮನೆಯೆಂಬುದಿಲ್ಲ. ಕ್ಷೇತ್ರದಿಂದ ಕ್ಷೇತ್ರಕ್ಕೆ ನಡೆದು, ದೇವಸ್ಥಾನದ ಜಗಲಿಗಳಲ್ಲಿ ಪುರಾಣ ಓದಿ, ಕೇಳುವವರು ಕೊಟ್ಟ ದಕ್ಷಿಣೆಯಲ್ಲಿ ಜೀವನ. ಬೆಳಗಿನ ಜಾವಕ್ಕೆ ತಾಯಿ ಮಗಳನ್ನು ಎಬ್ಬಿಸಿ ಮಡಿಲಲ್ಲಿ ಕೂಡಿಸಿಕೊಂಡು ಶ್ಲೋಕ ಹೇಳಿಕೊಡುತ್ತಿದ್ದರು. ಭಾಗವತದ 18,000 ಶ್ಲೋಕಗಳು ಹುಡುಗಿಗೆ ಹದಿಹರೆಯದಲ್ಲೇ ಬಾಯಿಪಾಠವಾದವು. ಮರಾಠಿಯ ಜತೆಗೆ ಕನ್ನಡ, ಹಿಂದೂಸ್ಥಾನಿ, ಮುಂದೆ ಬಂಗಾಳಿ ಭಾಷೆಗಳು ನಡೆದ ದಾರಿಯಲ್ಲೇ ಬಂದವು.

1870ರ ದಶಕದ ಭೀಕರ ಬರಗಾಲ ಈ ಕುಟುಂಬವನ್ನು ನುಂಗಿತು. ದುಡಿದು ತಿನ್ನುವ ಅಭ್ಯಾಸವಿಲ್ಲ, ಬೇಡಲು ನಾಚಿಕೆ. ಕೈಯಲ್ಲಿದ್ದುದನ್ನೆಲ್ಲ ದಾನ ಮಾಡಿ, ವ್ರತ ಹಿಡಿದು, ದೇವರು ಕೈಬಿಡುವುದಿಲ್ಲವೆಂದು ನಂಬಿದರು. ತಂದೆ ತೀರಿದರು, ತಾಯಿ ತೀರಿದರು, ಅಕ್ಕನೂ ಹೋದಳು. ಉಳಿದವರು ರಮೆ ಮತ್ತು ಅಣ್ಣ ಶ್ರೀನಿವಾಸ ಇಬ್ಬರೇ. ಚಳಿಗೆ ಹೊದಿಕೆಯಿಲ್ಲದೆ ನದಿಯ ಮರಳಿನಲ್ಲಿ ಗುಂಡಿ ತೋಡಿ ಮಲಗುತ್ತ, ಅಣ್ಣತಂಗಿಯರು ನಡೆದು ನಡೆದು 1878ರಲ್ಲಿ ಕಲ್ಕತ್ತೆ ಸೇರಿದರು. ಪೂಜೆ ಪುನಸ್ಕಾರಗಳಲ್ಲಿ ಇಬ್ಬರಿಗೂ ಇದ್ದ ನಂಬಿಕೆ ಆ ದಾರಿಯಲ್ಲೇ ಕಳೆದುಹೋಗಿತ್ತು.

ಕುರ್ಚಿಗೆ ನಮಸ್ಕಾರ

ಕಲ್ಕತ್ತೆಯ ವಿದ್ವಾಂಸರು ಇಪ್ಪತ್ತರ ಹರೆಯದ ಈ ತರುಣಿಯ ಸಂಸ್ಕೃತ ವಾಗ್ಝರಿಗೆ ಬೆರಗಾಗಿ, ಪರೀಕ್ಷೆ ಮಾಡಿ, ಪಂಡಿತಾ ಎಂದೂ ಸರಸ್ವತಿ ಎಂದೂ ಬಿರುದು ಕೊಟ್ಟರು. ಅಲ್ಲಿಯೇ ಅವರು ಮೊದಲ ಬಾರಿಗೆ ಒಂದು ಕ್ರೈಸ್ತ ಸಭೆಯನ್ನು ಕಂಡದ್ದು. ಜನ ಸೇರಿ ಚಹಾ ಕುಡಿದರು, ಪುಸ್ತಕ ತೆರೆದು ಓದಿದರು, ಆಮೇಲೆ ಕಣ್ಣು ಮುಚ್ಚಿ ತಮ್ಮ ತಮ್ಮ ಕುರ್ಚಿಗಳ ಮುಂದೆ ಮೊಣಕಾಲೂರಿದರು. ದೇವರ ಮೂರ್ತಿಯೇನೂ ಕಾಣದೆ, ಇವರು ಕುರ್ಚಿಗಳಿಗೇ ನಮಸ್ಕಾರ ಮಾಡುತ್ತಿದ್ದಾರೆಂದು ಅಣ್ಣತಂಗಿಯರು ತಿಳಿದರಂತೆ. ಈ ಪ್ರಸಂಗವನ್ನು ರಮಾಬಾಯಿಯವರೇ ಮುಂದೆ ನಗುತ್ತ ನೆನೆದು ಬರೆದಿದ್ದಾರೆ. ನಾವು ಇದನ್ನು ತಮಾಷೆಯೆಂದು ಬಿಟ್ಟುಬಿಡಬಾರದು. ಹೊರಗಿನಿಂದ ನೋಡುವವನಿಗೆ ಯಾವ ಧರ್ಮದ ಆರಾಧನೆಯಾದರೂ ಕಾಣುವುದು ಇಷ್ಟೇ: ಏಳುವುದು, ಕೂರುವುದು, ಕೈಮುಗಿಯುವುದು. ಒಳಗೆ ನಡೆಯುವುದು ಕಣ್ಣಿಗೆ ಬೀಳುವುದಿಲ್ಲ. ಹೊರಗಿನ ಕ್ರಿಯೆಗೂ ಒಳಗಿನ ಮನಸ್ಸಿಗೂ ನಡುವೆ ಇರುವ ಅಂತರವೇ ಅವರ ಮುಂದಿನ ಬದುಕಿನ ಪ್ರಶ್ನೆಯಾಯಿತು.

1880ರಲ್ಲಿ ಅಣ್ಣ ತೀರಿಕೊಂಡರು. ಅದೇ ವರ್ಷ ರಮಾಬಾಯಿ ಬಿಪಿನ್ ಬಿಹಾರಿ ಮೇಧಾವಿ ಎಂಬ ಬಂಗಾಳಿ ವಕೀಲರನ್ನು ಜಾತಿಯ ಕಟ್ಟು ಮೀರಿ ರಿಜಿಸ್ಟರ್ ಮದುವೆಯಾದರು. 1881ರಲ್ಲಿ ಮಗಳು ಮನೋರಮಾ ಹುಟ್ಟಿದಳು. 1882ರ ಫೆಬ್ರವರಿಯಲ್ಲಿ ಪತಿ ಕಾಲರಾಕ್ಕೆ ತುತ್ತಾದರು. ಇಪ್ಪತ್ತಮೂರರ ವಿಧವೆ, ಕಂಕುಳಲ್ಲಿ ಮಗು. ಪುಣೆಗೆ ಬಂದು ಅದೇ ವರ್ಷ ಆರ್ಯ ಮಹಿಳಾ ಸಮಾಜ ಸ್ಥಾಪಿಸಿದರು. ಹಂಟರ್ ಶಿಕ್ಷಣ ಆಯೋಗದ ಮುಂದೆ ನಿಂತು, ಹೆಣ್ಣುಮಕ್ಕಳಿಗೆ ಉಪಾಧ್ಯಾಯಿನಿಯರೂ ಲೇಡಿ ಡಾಕ್ಟರುಗಳೂ ಬೇಕೆಂದು ವಾದಿಸಿದರು.

ದೀಕ್ಷಾಸ್ನಾನವೂ ತಕರಾರೂ

ವೈದ್ಯಶಾಸ್ತ್ರ ಓದಬೇಕೆಂಬ ಆಸೆಯಿಂದ 1883ರಲ್ಲಿ ಇಂಗ್ಲೆಂಡಿಗೆ ಹೋದರು. ಕಿವಿ ಮಂದವಾದ್ದರಿಂದ ಆ ಆಸೆ ಕೈಗೂಡಲಿಲ್ಲ. ವಾಂಟೇಜ್ ಎಂಬ ಊರಿನ ಸಂತ ಮೇರಿಯ ಆಂಗ್ಲಿಕನ್ ಸನ್ಯಾಸಿನಿಯರ ಮಠದಲ್ಲಿ ಉಳಿದುಕೊಂಡಿದ್ದರು. ಆ ಸನ್ಯಾಸಿನಿಯರು ಲಂಡನ್ನಿನಲ್ಲಿ ದಾರಿ ತಪ್ಪಿದ ಹೆಂಗಸರನ್ನು ತಂದು ಶುಶ್ರೂಷೆ ಮಾಡುವ ಒಂದು ಮನೆ ನಡೆಸುತ್ತಿದ್ದರು. ಸಮಾಜ ಹೊರಗೆ ಹಾಕಿದ ಹೆಂಗಸರನ್ನು ಇವರೇಕೆ ಹೀಗೆ ಪ್ರೀತಿಯಿಂದ ನೋಡಿಕೊಳ್ಳುತ್ತಾರೆಂದು ರಮಾಬಾಯಿ ಕೇಳಿದಾಗ, ಬಾವಿಯ ಬಳಿ ಯೇಸು ಸಮಾರ್ಯದ ಹೆಂಗಸಿನೊಡನೆ ಮಾತಾಡಿದ ಕಥೆಯನ್ನು ಅವರು ಓದಿ ಹೇಳಿದರು. ಅದು ಅವರ ಮನಸ್ಸಿಗೆ ನಾಟಿತು. ಅದೇ ವರ್ಷ ಸೆಪ್ಟೆಂಬರ್ 29ರಂದು ತಾಯಿ ಮಗಳಿಬ್ಬರಿಗೂ ದೀಕ್ಷಾಸ್ನಾನವಾಯಿತು.

ದೀಕ್ಷೆ ಪಡೆದರೂ ತಲೆಬಾಗುವ ಸ್ವಭಾವ ಬರಲಿಲ್ಲ. ಸಭೆ ಹೇಳಿದ್ದನ್ನೆಲ್ಲ ಹಾಗೆಯೇ ಒಪ್ಪಿಕೊಳ್ಳಬೇಕೆಂಬ ಮಾತಿಗೆ ಅವರು ಎಂದೂ ಸಮ್ಮತಿಸಲಿಲ್ಲ. ತ್ರಿತ್ವದ ವಿಷಯವಾಗಿ ಸನ್ಯಾಸಿನಿಯರೊಡನೆ ಪತ್ರಗಳಲ್ಲಿ ವಾದ ನಡೆಸಿದರು. ಮೊಟ್ಟೆ ಸೇರಿದ ತಿಂಡಿಯನ್ನು ಮುಟ್ಟಲಿಲ್ಲ. ಇದು ಜಾತಿಯ ಹಮ್ಮೆಂದು ಅಲ್ಲಿಯವರು ಆಕ್ಷೇಪಿಸಿದರೂ ಜೀವನಪರ್ಯಂತ ಸಸ್ಯಾಹಾರಿಯಾಗಿಯೇ ಉಳಿದರು. ಧರಿಸಲು ಕೊಟ್ಟ ಶಿಲುಬೆಯ ಮೇಲೆ ಲ್ಯಾಟಿನ್ ಅಕ್ಷರಗಳಿರಬೇಕೆಂಬ ಮಾತು ಬಂದಾಗ, ತನಗೂ ತನ್ನ ದೇಶದ ಹೆಂಗಸರಿಗೂ ಅರ್ಥವಾಗದ ಲ್ಯಾಟಿನ್ ಏಕೆ, ನಮ್ಮ ಸಂಸ್ಕೃತಕ್ಕೇನು ಕಡಿಮೆಯೆಂದು ಹಟ ಹಿಡಿದರು. ದೇವರ ಮುಂದೆ ನಿಲ್ಲಲು ತನ್ನ ಭಾಷೆಯನ್ನು ಬಾಗಿಲಲ್ಲಿ ಬಿಟ್ಟು ಬರಬೇಕಾಗಿಲ್ಲವೆಂಬುದು ಅವರ ನಿಲುವು. ಭಾಷಾ ಅಲ್ಪಸಂಖ್ಯಾತರಾದ ನಮಗೆ ಈ ಹಟದ ಬೆಲೆ ಚೆನ್ನಾಗಿ ತಿಳಿಯುತ್ತದೆ.

1886ರಲ್ಲಿ ಅಮೇರಿಕಕ್ಕೆ ಹೋದರು. ಆನಂದಿಬಾಯಿ ಜೋಶಿ ಫಿಲಡೆಲ್ಫಿಯಾದಲ್ಲಿ ವೈದ್ಯ ಪದವಿ ಪಡೆದ ಸಮಾರಂಭದಲ್ಲಿ ಹಾಜರಿದ್ದರು. ಉಚ್ಚ ಜಾತಿಯ ಹಿಂದೂ ಸ್ತ್ರೀಯರ ಸ್ಥಿತಿಯನ್ನು ಕುರಿತ ಅವರ ಇಂಗ್ಲಿಷ್ ಪುಸ್ತಕ 1887ರಲ್ಲಿ ಹೊರಬಂತು. ಬಾಸ್ಟನ್ನಿನಲ್ಲಿ ರಮಾಬಾಯಿ ಸಂಘವೊಂದು ಸ್ಥಾಪನೆಯಾಗಿ ಹಣಸಹಾಯ ದೊರೆಯಿತು. 1889ರ ಮಾರ್ಚ್ 11ರಂದು ಮುಂಬಯಿಯಲ್ಲಿ ವಿಧವೆಯರಿಗಾಗಿ ಶಾರದಾ ಸದನ ಆರಂಭವಾಗಿ, ಮರುವರ್ಷ ಪುಣೆಗೆ ಬಂತು. ಮೊದಲ ವಿದ್ಯಾರ್ಥಿನಿಯರಲ್ಲೊಬ್ಬಳಾದ ಗೋದೂಬಾಯಿ ಮುಂದೆ ಧೋಂಡೋ ಕೇಶವ ಕರ್ವೆಯವರ ಕೈಹಿಡಿದದ್ದು ನಮ್ಮ ದೇಶದ ವಿಧವಾವಿವಾಹದ ಚರಿತ್ರೆಯಲ್ಲಿ ಸೇರಿಹೋಗಿದೆ.

ಎಂಟು ವರ್ಷಗಳ ಬಳಿಕ

1891ರಲ್ಲಿ ವಿಲಿಯಂ ಹ್ಯಾಸ್ಲಮ್ ಎಂಬ ಇಂಗ್ಲಿಷ್ ಪಾದ್ರಿಯ ಆತ್ಮಚರಿತ್ರೆ ಅವರ ಕೈಗೆ ಬಂತು. ಆ ಪಾದ್ರಿ ವರ್ಷಗಟ್ಟಲೆ ಪ್ರಸಂಗ ಮಾಡಿದವನು. ಒಂದು ಭಾನುವಾರ ವೇದಿಕೆಯಲ್ಲಿ ತನ್ನದೇ ಪ್ರಸಂಗ ನಡೆಯುತ್ತಿದ್ದಾಗ, ತಾನು ಜನರಿಗೆ ಹೇಳುತ್ತಿರುವುದು ತನ್ನೊಳಗೆ ಇಲ್ಲವೆಂದು ಅರಿತು ಮನಸ್ಸು ತಿರುಗಿದವನು. ಆ ಪುಸ್ತಕ ರಮಾಬಾಯಿಯವರ ಎದುರು ಕನ್ನಡಿ ಹಿಡಿದಂತಾಯಿತು. ದೀಕ್ಷಾಸ್ನಾನವಾಗಿ ಎಂಟು ವರ್ಷಗಳಾಗಿದ್ದವು. ಸಿದ್ಧಾಂತಗಳನ್ನು ಓದಿದ್ದರು, ವಾದಿಸಿದ್ದರು, ಬುದ್ಧಿಯಿಂದ ಒಪ್ಪಿದ್ದರು. ಕ್ರೈಸ್ತ ಮತವೇನೋ ಸಿಕ್ಕಿತ್ತು, ಕ್ರಿಸ್ತ ಸಿಕ್ಕಿರಲಿಲ್ಲವೆಂಬ ಅರ್ಥದಲ್ಲಿ ಅವರು 1907ರ ತಮ್ಮ ಸಾಕ್ಷ್ಯದ ಪುಸ್ತಕದಲ್ಲಿ ಆ ದಿನಗಳನ್ನು ವಿವರಿಸಿದ್ದಾರೆ. ಕಾಡಿನಿಂದ ಕಲ್ಕತ್ತೆಯವರೆಗೆ ಪುಣ್ಯ ಗಳಿಸಲು ನಡೆದ ಹುಡುಗಿ, ಇಲ್ಲಿಯೂ ಗಳಿಸಲು ನೋಡುತ್ತಿದ್ದಳು. ಗಳಿಸಬೇಕಾದ್ದಿಲ್ಲ, ಕೈಯೊಡ್ಡಿದರೆ ಸಾಕೆಂಬುದು ಅವರಿಗೆ ಆಗ ತಿಳಿಯಿತು.

ಇದರ ಫಲ ಕಹಿಯಾಗಿಯೂ ಬಂತು. ಶಾರದಾ ಸದನದಲ್ಲಿ ಮತಬೋಧೆ ಇಲ್ಲವೆಂಬ ಕರಾರಿತ್ತು. ರಮಾಬಾಯಿ ಬೆಳಿಗ್ಗೆ ತಮ್ಮ ಕೋಣೆಯಲ್ಲಿ ಮಗಳೊಡನೆ ಪ್ರಾರ್ಥಿಸುವಾಗ ಬಾಗಿಲು ತೆರೆದೇ ಇರುತ್ತಿತ್ತು. ಹುಡುಗಿಯರು ಒಬ್ಬೊಬ್ಬರಾಗಿ ಬಂದು ಕೂರತೊಡಗಿದರು. ತೆರೆದ ಬಾಗಿಲು ಸ್ವಾತಂತ್ರ್ಯವೇ, ಆಮಿಷವೇ ಎಂದು ಪುಣೆಯಲ್ಲಿ ಕೋಲಾಹಲವೆದ್ದಿತು. ತಿಲಕರ ಕೇಸರಿ ಪತ್ರಿಕೆ ಕಟುವಾಗಿ ಬರೆಯಿತು. 1893ರಲ್ಲಿ ರಾನಡೆ, ಭಂಡಾರ್ಕರರಂಥ ಸುಧಾರಕರೂ ಸಲಹಾ ಮಂಡಲಿಯಿಂದ ಹೊರನಡೆದರು. ಅನೇಕ ಹುಡುಗಿಯರನ್ನು ಪಾಲಕರು ಬಿಡಿಸಿಕೊಂಡು ಹೋದರು. ಮಗಳನ್ನು ನಂಬಿ ಕಳುಹಿಸಿದ ಪಾಲಕರ ಆತಂಕ ಸುಳ್ಳಲ್ಲ; ತನ್ನ ಕೋಣೆಯಲ್ಲಿ ಬಾಗಿಲು ಮುಚ್ಚದೆ ಪ್ರಾರ್ಥಿಸುವ ಹಕ್ಕು ತನಗಿದೆಯೆಂಬ ರಮಾಬಾಯಿಯವರ ಮಾತೂ ಸುಳ್ಳಲ್ಲ. ಎರಡು ಕಡೆಯವರ ನೋವನ್ನೂ ತೂಗಿ ನೋಡುವುದು ಇಂದಿನ ಓದುಗರ ಕರ್ತವ್ಯವೆಂದು ನಾವು ಭಾವಿಸುತ್ತೇವೆ.

ಮುಕ್ತಿ

ಕೆಡಗಾಂವಿನಲ್ಲಿ ಅವರು ಸುಮಾರು 100 ಎಕರೆ ಬಂಜರು ನೆಲ ಕೊಂಡಿದ್ದರು. 1896-97ರಲ್ಲಿ ಮತ್ತೆ ಬರಗಾಲ ಬಂತು. ಸೊಲ್ಲಾಪುರ ಸೀಮೆಯೂ ಅದರಲ್ಲಿ ಬೆಂದಿತು. ಹಸಿವೆಂದರೇನೆಂದು ಬಲ್ಲ ರಮಾಬಾಯಿ ಮಧ್ಯಪ್ರಾಂತಗಳಿಗೆ ಹೋಗಿ ಸುಮಾರು 300 ಹೆಣ್ಣುಮಕ್ಕಳನ್ನು ಕರೆತಂದರು. 1900ರ ಗುಜರಾತಿನ ಬರದ ಬಳಿಕ ಅಲ್ಲಿ ಇದ್ದವರ ಸಂಖ್ಯೆ 2,000ದ ಹತ್ತಿರ ಹೋಯಿತು. ಬಾವಿ ತೋಡಿದರು, ತೋಟ ಮಾಡಿದರು. ನೇಯ್ಗೆ, ಎಣ್ಣೆ ಗಾಣ, ಹೈನು, ಅಚ್ಚುಕೂಟ ಎಲ್ಲವನ್ನೂ ಹೆಂಗಸರೇ ನಡೆಸಿದರು. ಅಂಧರಿಗೆ ಮನೋರಮಾ ಬ್ರೈಲ್ ಲಿಪಿ ಕಲಿಸಿದಳು. ಆ ಸಂಸ್ಥೆಯ ಹೆಸರೇ ಮುಕ್ತಿ.

ಬರಗಾಲದಲ್ಲಿ ಅನ್ನ ಕೊಟ್ಟವರ ಮತಕ್ಕೆ ಸೇರುವುದು ಸುಲಭ. ಅಂಥವರಿಗೆ ಅನ್ನದ ಮತದವರೆಂಬ ಅಪಹಾಸ್ಯದ ಹೆಸರೂ ಇತ್ತು. ರಮಾಬಾಯಿಗೆ ಇದು ಗೊತ್ತಿರಲಿಲ್ಲವೆಂದಲ್ಲ. ತಮ್ಮದೇ ಬದುಕಿನಲ್ಲಿ ನೀರಿನ ಸ್ನಾನಕ್ಕೂ ಮನಸ್ಸಿನ ತಿರುವಿಗೂ ಎಂಟು ವರ್ಷಗಳ ಅಂತರವಿದ್ದುದನ್ನು ಅವರು ಮರೆಯುವಂತಿರಲಿಲ್ಲ. ಎತ್ತಿನ ಗಾಡಿಗಳಲ್ಲಿ ಹುಡುಗಿಯರನ್ನು ಭೀಮಾ ನದಿಗೆ ಕರೆದೊಯ್ದು ದೀಕ್ಷಾಸ್ನಾನ ಮಾಡಿಸಿದ್ದಾಯಿತು. ಅದೇ ಭೀಮೆ ಮುಂದೆ ಹರಿದು ಸೊಲ್ಲಾಪುರ ಜಿಲ್ಲೆಗೂ ಕರ್ನಾಟಕಕ್ಕೂ ನಡುವೆ ಗಡಿಯಾಗಿ, ಅಕ್ಕಲಕೋಟೆಯ ಸೀಮೆಯನ್ನು ತೊಳೆದು, ಕೃಷ್ಣೆಯನ್ನು ಸೇರುತ್ತಾಳೆ. ಆದರೆ ನದಿಯಲ್ಲಿ ಮುಳುಗಿ ಎದ್ದ ಮಾತ್ರಕ್ಕೆ ಕೆಲಸ ಮುಗಿಯಿತೆಂದು ಅವರು ತಿಳಿಯಲಿಲ್ಲ.

1905ರ ಆರಂಭದಲ್ಲಿ, ವೇಲ್ಸ್ ದೇಶದಲ್ಲಿ ಆಗ ನಡೆದಿದ್ದ ಧಾರ್ಮಿಕ ಜಾಗೃತಿಯ ಸುದ್ದಿ ಕೇಳಿ, ಅವರು ಒಂದು ಸಣ್ಣ ಕೆಲಸಕ್ಕೆ ಕೈಹಾಕಿದರು. ದಿನಾಲೂ ಬೆಳಿಗ್ಗೆ ಬಂದು ಪ್ರಾರ್ಥಿಸಲು ಇಷ್ಟವಿದ್ದವರು ಬನ್ನಿರೆಂದು ಕರೆದರು. ಸುಮಾರು 70 ಮಂದಿ ಬಂದರು. ಐದಾರು ತಿಂಗಳಲ್ಲಿ ಅವರ ಸಂಖ್ಯೆ 550ರಷ್ಟಾಯಿತು. ದಿನಕ್ಕೆ ಎರಡು ಬಾರಿ ಕೂಡತೊಡಗಿದರು. ಜೂನ್ ಕೊನೆಯಲ್ಲಿ ಅಣೆಕಟ್ಟು ಒಡೆದಂತೆ ಹುಡುಗಿಯರು ಅಳುತ್ತ, ತಮ್ಮ ತಪ್ಪುಗಳನ್ನು ಹೇಳಿಕೊಳ್ಳುತ್ತ, ಗಟ್ಟಿಯಾಗಿ ಪ್ರಾರ್ಥಿಸತೊಡಗಿದರು. ಪಾಠಗಳು ನಿಂತವು. ಇದೆಲ್ಲ ಬರಿಯ ಉದ್ರೇಕವೆಂದು ಕೆಲವು ಮಿಶನರಿಗಳೇ ಟೀಕಿಸಿದರು. ಪಾಶ್ಚಾತ್ಯರ ಶಿಸ್ತಿನ ಅಳತೆಗೋಲಿನಿಂದ ಇಲ್ಲಿಯ ಹೆಂಗಸರ ಅಳುವನ್ನು ಅಳೆಯಬಾರದೆಂಬುದು ರಮಾಬಾಯಿಯವರ ಉತ್ತರವಾಗಿತ್ತು. ಅವರೊಡನಿದ್ದ ಮಿನ್ನಿ ಅಬ್ರಾಮ್ಸ್ 1906ರಲ್ಲಿ ಬರೆದ ಪುಸ್ತಿಕೆ ದಕ್ಷಿಣ ಅಮೇರಿಕದ ಚಿಲಿಯವರೆಗೂ ಹೋಗಿ, ಅಲ್ಲಿಯ ಪೆಂಟಕೋಸ್ಟ್ ಸಭೆಗಳ ಹುಟ್ಟಿಗೆ ಒಂದು ಕಾರಣವಾಯಿತು.

ನಾವು ಉಪಾಧ್ಯಾಯರು, ಅಳುವಿಗಿಂತ ಆ ಐದಾರು ತಿಂಗಳ ತಯಾರಿಯೇ ನಮಗೆ ದೊಡ್ಡದಾಗಿ ಕಾಣುತ್ತದೆ. ಫಲವನ್ನು ಅವಸರಪಡಿಸದೆ, ಯಾರನ್ನೂ ಎಳೆದು ತರದೆ, ದಿನಾಲೂ ಅದೇ ಹೊತ್ತಿಗೆ ಅದೇ ಜಾಗದಲ್ಲಿ ಕೂತದ್ದು. ಮಳೆ ಬರುವುದಕ್ಕೆ ಮುಂಚೆ ಗದ್ದೆ ಉತ್ತಿಡುವುದು ನಮ್ಮ ರೈತನ ಕೆಲಸ. ಮಳೆ ಅವನ ಕೈಯಲ್ಲಿಲ್ಲ. ಹೃದಯವನ್ನು ಆರಾಧನೆಗೆ ಸಿದ್ಧಗೊಳಿಸುವುದೆಂದರೂ ಅಷ್ಟೇ ಎಂದು ತೋರುತ್ತದೆ.

ಕೊನೆಯ ಕೆಲಸ

ಆಗ ಇದ್ದ ಮರಾಠಿ ಬೈಬಲಿನ ಭಾಷೆ ಹಳ್ಳಿಯ ಹೆಂಗಸರಿಗೆ ಕಬ್ಬಿಣದ ಕಡಲೆಯಾಗಿತ್ತು. ನಮ್ಮ ಕನ್ನಡದಲ್ಲಿ ಪೂರ್ತಿ ಬೈಬಲು ಜಾನ್ ಹ್ಯಾಂಡ್ಸರ ಪರಿಶ್ರಮದಿಂದ ಬಳ್ಳಾರಿಯಲ್ಲಿ 1831ರಲ್ಲೇ ಸಿದ್ಧವಾಗಿತ್ತು. ಅಲ್ಲಿಯೂ ತಿದ್ದುಪಡಿಗಳು ಮತ್ತೆ ಮತ್ತೆ ನಡೆದದ್ದು ಇದೇ ಕಾರಣಕ್ಕೆ. ಸಂಸ್ಕೃತದ ಮಹಾಪಂಡಿತೆಯಾದ ರಮಾಬಾಯಿ ಸಂಸ್ಕೃತದ ಭಾರವನ್ನು ಇಳಿಸಿ, ಅಡುಗೆಮನೆಯ ಮರಾಠಿಯಲ್ಲಿ ಬೈಬಲನ್ನು ತರಬೇಕೆಂದು ಪಣ ತೊಟ್ಟರು. ಅದಕ್ಕಾಗಿ ನಡುವಯಸ್ಸಿನಲ್ಲಿ ಹೀಬ್ರೂ, ಗ್ರೀಕ್ ಕಲಿತರು. ಸುಮಾರು ಹದಿನೇಳು ವರ್ಷ ಆ ಕೆಲಸ ನಡೆಯಿತು. ಮೊಳೆ ಜೋಡಿಸಿದವರೂ ಅಚ್ಚು ಹಾಕಿದವರೂ ಮುಕ್ತಿಯ ಹೆಂಗಸರೇ.

ತಾಯಿನಾಡಿನ ಕಡೆಗೂ ಅವರ ದೃಷ್ಟಿ ಹರಿಯಿತು. 1912-13ರ ಹೊತ್ತಿಗೆ ಅಂದಿನ ನಿಜಾಮ ರಾಜ್ಯದ ಗುಲ್ಬರ್ಗದಲ್ಲಿ ಹೆಣ್ಣುಮಕ್ಕಳಿಗಾಗಿ ಒಂದು ಶಾಲೆ ತೆರೆದು ಮನೋರಮಾಳನ್ನು ಅದರ ಮುಖ್ಯಸ್ಥೆಯಾಗಿ ಮಾಡಿದರು. ಕೆಡಗಾಂವಿನಿಂದ ಹೊರಟ ಗಾಡಿ ಸೊಲ್ಲಾಪುರ, ಅಕ್ಕಲಕೋಟೆ ಸೀಮೆಗಳನ್ನು ದಾಟಿದರೆ ಮುಂದಿನ ದೊಡ್ಡ ಊರು ಅದೇ. ಮಲೆನಾಡಿನ ಬುಟ್ಟಿಯಲ್ಲಿ ಹೊರಟ ಮಗು ಅರ್ಧ ಶತಮಾನ ಕಳೆದು ಕನ್ನಡ ನೆಲಕ್ಕೆ ಒಂದು ಶಾಲೆಯಾಗಿ ಮರಳಿತೆನ್ನಬಹುದು.

1919ರಲ್ಲಿ ಸರಕಾರ ಕೈಸರ್-ಇ-ಹಿಂದ್ ಪದಕ ಕೊಟ್ಟಿತು. 1921ರ ಜುಲೈಯಲ್ಲಿ ಮನೋರಮಾ ನಲವತ್ತರ ವಯಸ್ಸಿನಲ್ಲಿ ತೀರಿಕೊಂಡಳು. ಒಬ್ಬಳೇ ಮಗಳನ್ನು ಕಳೆದುಕೊಂಡ ತಾಯಿ ಮತ್ತೆ ಕರಡಚ್ಚು ತಿದ್ದಲು ಕುಳಿತರು. ಕಾಯಿಲೆ ಹೆಚ್ಚಿದಾಗ, ಈ ಕೆಲಸ ಮುಗಿಯುವಷ್ಟು ದಿನ ಮಾತ್ರ ಆಯುಷ್ಯ ಕೊಡೆಂದು ಪ್ರಾರ್ಥಿಸಿದರೆಂದೂ ಅಷ್ಟು ದಿನವೇ ಬದುಕಿದರೆಂದೂ ಹೇಳುತ್ತಾರೆ. 1922ರ ಏಪ್ರಿಲ್ 5ರಂದು ನಿದ್ದೆಯಲ್ಲೇ ಪ್ರಾಣ ಹೋಯಿತು. ಪೂರ್ತಿ ಬೈಬಲು ಅಚ್ಚಾಗಿ ಹೊರಬಂದದ್ದು 1924ರಲ್ಲಿ. ಮುಕ್ತಿ ಸಂಸ್ಥೆ ಇಂದಿಗೂ ನಡೆಯುತ್ತಿದೆ. 1989ರಲ್ಲಿ ಭಾರತ ಸರಕಾರ ಅವರ ಹೆಸರಿನಲ್ಲಿ ಅಂಚೆ ಚೀಟಿ ಹೊರಡಿಸಿತು.

ಅವರ ಮತಾಂತರವನ್ನು ಒಪ್ಪುವವರಿದ್ದಾರೆ, ಒಪ್ಪದವರಿದ್ದಾರೆ. ಆ ವಾದ ಇಲ್ಲಿ ಬೇಡ. ಆದರೆ ದೇವಸ್ಥಾನಕ್ಕೋ ಇಗರ್ಜಿಗೋ ಮಸೀದಿಗೋ ಹೋಗುವ ನಮ್ಮೆಲ್ಲರಿಗೂ ಅವರ ಬದುಕು ಒಂದು ಪ್ರಶ್ನೆ ಕೇಳುತ್ತದೆ. ಕಾಲು ಅಲ್ಲಿಗೆ ಹೋಗುವಾಗ ಮನಸ್ಸೂ ಜತೆಗೆ ಹೋಗುತ್ತಿದೆಯೇ? ಇನ್ನೊಂದು ಪ್ರಶ್ನೆ ಕನ್ನಡಿಗರಾದ ನಮಗೆ ಮಾತ್ರ. ಪ್ರಾರ್ಥನೆಗೆ ಮಕ್ಕಳನ್ನು ಕೂರಿಸುವಾಗ ಅವರಿಗೆ ಅರ್ಥವಾಗುವ ಮನೆಮಾತಿನಲ್ಲಿ ನಾವು ಕೂರಿಸುತ್ತೇವೆಯೇ? ಈ ಸಂಜೆ ದೀಪ ಹಚ್ಚುವ ಹೊತ್ತಿಗೆ, ಶಿಲುಬೆಯ ಮೇಲೆ ತನಗೆ ತಿಳಿಯುವ ಅಕ್ಷರವೇ ಬೇಕೆಂದು ಹಟ ಹಿಡಿದ ಮಾಳದ ಈ ಮಗಳ ಕಥೆಯನ್ನು ಮನೆಯ ಮಕ್ಕಳಿಗೆ ಹೇಳಿರಿ.